ಒಬ್ಬರನ್ನೇ ಮತ್ತೆ ಮತ್ತೆ ಅಳೆದ ದತ್ತಾಂಶ: ಲೆಕ್ಕ ಎಲ್ಲಿ ಕೈಕೊಡುತ್ತದೆ, ಪತ್ತೆ ಹಚ್ಚುವುದು ಹೇಗೆ

“ಯಾವ ಟೆಸ್ಟ್ (ಸಂಖ್ಯಾಶಾಸ್ತ್ರೀಯ ಪರೀಕ್ಷೆ) ಹಾಕಬೇಕು?” ಎಂಬ ಪ್ರಶ್ನೆ ಹೊತ್ತು ಬರುವ ಕಡತಗಳನ್ನು ತೆರೆದು ನೋಡಿದರೆ, ತೊಂದರೆ ಬಹಳ ಸಲ ಟೆಸ್ಟಿನಲ್ಲಿ ಇರುವುದೇ ಇಲ್ಲ. ಯಾವ ಸಾಲು ಯಾರದು ಎಂಬುದು ಸಾಫ್ಟ್‌ವೇರಿಗೆ ತಿಳಿದಿರುವುದಿಲ್ಲ, ಅಷ್ಟೇ. ಚಿಕಿತ್ಸೆಗೆ ಮುಂಚೆ ಮತ್ತು ನಂತರ ಅಳೆದ ರಕ್ತದೊತ್ತಡ, ಒಂದೇ ತರಗತಿ ವರ್ಷದಲ್ಲಿ ನಾಲ್ಕು ಬಾರಿ ಬರೆದ ಪರೀಕ್ಷೆಯ ಅಂಕಗಳು, ಒಂದೇ ಯಂತ್ರದಿಂದ ವಾರ ವಾರ ತೆಗೆದ ಅಳತೆ ಎಲ್ಲವೂ ಈ ಜಾತಿಗೇ ಸೇರಿದವು. ಇಲ್ಲಿ “ವ್ಯಕ್ತಿ” ಎಂದಾಗಲೆಲ್ಲ ಅದು ಮನುಷ್ಯನಾಗಿರಬಹುದು, ಇಲಿಯಾಗಿರಬಹುದು, ಯಂತ್ರವಾಗಿರಬಹುದು. ಒಬ್ಬರಿಂದಲೇ ಬಂದ ಎರಡು ಅಳತೆಗಳು ಒಂದನ್ನೊಂದು ಹೋಲುತ್ತವೆ. ಈ ಹೋಲಿಕೆಯನ್ನು ಪರೀಕ್ಷೆ ಲೆಕ್ಕಕ್ಕೆ ತೆಗೆದುಕೊಂಡಿದೆಯೇ ಎನ್ನುವುದೇ ಮುಂದಿನ ಎಲ್ಲ ತಪಾಸಣೆಗಳ ತಿರುಳು.

ನಿಮಗೆ ಕಾಣುತ್ತಿರುವ ಲಕ್ಷಣವನ್ನು ಹುಡುಕಿ ನೇರವಾಗಿ ಆ ಭಾಗಕ್ಕೆ ಹೋಗಬಹುದು. ಆದರೆ ಯಾವ ಲಕ್ಷಣವೇ ಇರಲಿ, ಮೊದಲು ಈ ಮೂರು ಕೆಲಸ ಮುಗಿಸಿಕೊಳ್ಳಿ.

ಮೂಲ ಕಡತದ ಒಂದು ಪ್ರತಿಯನ್ನು ಯಾರೂ ಮುಟ್ಟದ ಜಾಗದಲ್ಲಿ ಇಡಿ. ಸಾಲುಗಳನ್ನು ವಿಂಗಡಿಸುವಾಗ ಒಂದು ಕಾಲಂ ಮಾತ್ರ ಅಲುಗಿ ಉಳಿದವು ಅಲ್ಲೇ ನಿಂತರೆ ಆ ದತ್ತಾಂಶವನ್ನು ಮತ್ತೆ ಸರಿಪಡಿಸಲು ಆಗುವುದಿಲ್ಲ. ನಿಮ್ಮ ಮುಖ್ಯ ಪ್ರಶ್ನೆ ಯಾವುದು, ಅದಕ್ಕೆ ಯಾವ ಪರೀಕ್ಷೆ ಎಂದು ಫಲಿತಾಂಶ ನೋಡುವ ಮೊದಲೇ ದಿನಾಂಕ ಹಾಕಿ ಬರೆದಿಡಿ. ಮೂರನೆಯದು, ಪ್ರತಿ ವ್ಯಕ್ತಿಗೂ ಒಂದೊಂದು ಗೆರೆ ಬರುವ ಹಾಗೆ ನಕ್ಷೆ ಬರೆಯಿರಿ: ಅಡ್ಡಕ್ಕೆ ಸಮಯ, ಉದ್ದಕ್ಕೆ ಅಳತೆ. ಐದು ನಿಮಿಷದ ಕೆಲಸ. ಸರಾಸರಿಯ ಕಂಬಗಳನ್ನು ಮಾತ್ರ ತೋರಿಸುವ ನಕ್ಷೆಯಲ್ಲಿ ಈ ದತ್ತಾಂಶದ ಜೀವವೇ ಕಾಣಿಸದು.

ಲಕ್ಷಣ: ಕಣ್ಣಿಗೆ ಬದಲಾವಣೆ ಕಾಣುತ್ತದೆ, ಪಿ-ಮೌಲ್ಯ ಮಾತ್ರ ಒಪ್ಪುತ್ತಿಲ್ಲ

ಗೆರೆಗಳ ನಕ್ಷೆಯಲ್ಲಿ ಬಹುತೇಕ ಎಲ್ಲರೂ ಒಂದೇ ದಿಕ್ಕಿಗೆ ಸರಿದಿದ್ದಾರೆ. ಆದರೂ ಎರಡು ಸರಾಸರಿಗಳನ್ನು ಹೋಲಿಸುವ ಟಿ-ಪರೀಕ್ಷೆ “ಏನೂ ಇಲ್ಲ” ಎನ್ನುತ್ತದೆ: ಅದು ಕೊಡುವ ಪಿ-ಮೌಲ್ಯ, ಅಂದರೆ ನಿಜವಾಗಿ ಬದಲಾವಣೆ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ, 0.05ರ ಮಿತಿಗಿಂತ ಕೆಳಗೆ ಇಳಿದಿಲ್ಲ. ಜೋಡಿಯಾಗಿ ಬಂದ ಅಳತೆಗಳಿಗೆ ಜೋಡಿಯಲ್ಲದ ಪರೀಕ್ಷೆ ಹಾಕಿರುವಾಗ ಕಾಣುವ ಲಕ್ಷಣ ಇದು.

ಅತ್ಯಂತ ಅಗ್ಗದ ತಪಾಸಣೆ: ಫಲಿತಾಂಶದ ಹಾಳೆಯಲ್ಲಿ ಡಿಗ್ರೀಸ್ ಆಫ್ ಫ್ರೀಡಂ (ಲೆಕ್ಕದಲ್ಲಿ ಸ್ವತಂತ್ರವಾಗಿ ಬದಲಾಗಬಲ್ಲ ಅಂಕಿಗಳ ಸಂಖ್ಯೆ) ಎಷ್ಟಿದೆ ನೋಡಿ. ಹತ್ತು ಜನರನ್ನು ಎರಡೆರಡು ಬಾರಿ ಅಳೆದಿದ್ದರೆ ಜೋಡಿ ಟಿ-ಪರೀಕ್ಷೆಯಲ್ಲಿ ಅದು 9 ಇರಬೇಕು, ಜನರ ಸಂಖ್ಯೆಗಿಂತ ಒಂದು ಕಡಿಮೆ. 18 ಎಂದಿದ್ದರೆ ಸಾಫ್ಟ್‌ವೇರ್ ನಿಮ್ಮ ಹತ್ತು ಜನರನ್ನು ಇಪ್ಪತ್ತು ಜನ ಎಂದುಕೊಂಡಿದೆ. 17.8 ಎಂಬಂತಹ ದಶಮಾಂಶ ಬಂದಿದ್ದರೂ ಅದೇ ಕಥೆ. ಎರಡು ಗುಂಪುಗಳ ಚೆದುರುವಿಕೆ ಬೇರೆ ಬೇರೆ ಇರಬಹುದೆಂದು ಮಾಡುವ ವೆಲ್ಚ್ ತಿದ್ದುಪಡಿ ಸೇರಿದೆ, ಅಷ್ಟೇ ವ್ಯತ್ಯಾಸ. ಪಿ-ಮೌಲ್ಯ ನೋಡುವುದಕ್ಕೂ ಮುಂಚೆ ಈ ಸಂಖ್ಯೆಯನ್ನು ನೋಡುವ ಅಭ್ಯಾಸ ಬೆಳೆಸಿಕೊಂಡರೆ, ಈ ಕೈಪಿಡಿಯ ಅರ್ಧ ಭಾಗ ನಿಮಗೆ ಬೇಕಾಗುವುದಿಲ್ಲ.

ಇದರ ಪರಿಣಾಮ ಎಷ್ಟು ದೊಡ್ಡದು ಎಂಬುದಕ್ಕೆ ಟಿ-ಪರೀಕ್ಷೆಯ ಮೂಲದಲ್ಲೇ ಉದಾಹರಣೆ ಸಿಗುತ್ತದೆ. ಗಿನ್ನೆಸ್ ಮದ್ಯ ತಯಾರಿಕಾ ಸಂಸ್ಥೆಯಲ್ಲಿದ್ದ ವಿಲಿಯಂ ಸೀಲಿ ಗೊಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಹತ್ತು ರೋಗಿಗಳಿಗೆ ಎರಡು ನಿದ್ರೆಯ ಔಷಧಿಗಳನ್ನು ಕೊಟ್ಟಾಗ ಎಷ್ಟು ಗಂಟೆ ಹೆಚ್ಚು ನಿದ್ರೆ ಬಂತು ಎಂಬ ಪಟ್ಟಿ ಇದೆ. ಮೊದಲ ಔಷಧಿಯ ಸರಾಸರಿ 0.75 ಗಂಟೆ, ಎರಡನೆಯದು 2.33 ಗಂಟೆ. ಇವನ್ನು ಬೇರೆ ಬೇರೆ ಜನರ ಎರಡು ಗುಂಪು ಎಂದು ಭಾವಿಸಿ ಲೆಕ್ಕ ಹಾಕಿದರೆ ಟಿ (ವ್ಯತ್ಯಾಸವನ್ನು ಅದರ ಅನಿಶ್ಚಿತತೆಯಿಂದ ಭಾಗಿಸಿದ ಸಂಖ್ಯೆ) 1.86, ಪಿ-ಮೌಲ್ಯ 0.079. ಅದೇ ಅಂಕಿಗಳನ್ನು ಜೋಡಿಯಾಗಿ ಪರೀಕ್ಷಿಸಿದರೆ ಟಿ 4.06, ಪಿ-ಮೌಲ್ಯ 0.003ರ ಆಸುಪಾಸು. ಒಂದು ಅಂಕಿಯೂ ಬದಲಾಗಿಲ್ಲ. ನಿದ್ರೆಯ ಔಷಧಿಗೆ ಹೆಚ್ಚು ಸ್ಪಂದಿಸುವವರು, ಕಡಿಮೆ ಸ್ಪಂದಿಸುವವರು ಎಂಬ ಮನುಷ್ಯ ಮನುಷ್ಯರ ನಡುವಿನ ವ್ಯತ್ಯಾಸ ಮೊದಲ ಲೆಕ್ಕದಲ್ಲಿ ಗದ್ದಲವಾಗಿ ಉಳಿದಿತ್ತು. ಪ್ರತಿಯೊಬ್ಬರನ್ನೂ ಅವರೊಂದಿಗೇ ಹೋಲಿಸಿದಾಗ ಅದು ಕಳಚಿಹೋಯಿತು. ಒಂದೊಂದು ಔಷಧಿಯ ಅಂಕಿಗಳ ಮಾನಕ ವಿಚಲನೆ (ಚೆದುರುವಿಕೆಯ ಅಳತೆ) ಸುಮಾರು 1.8 ಮತ್ತು 2.0, ವ್ಯತ್ಯಾಸಗಳ ಮಾನಕ ವಿಚಲನೆ 1.23 ಮಾತ್ರ.

ಸರಿಪಡಿಸುವುದು ಸುಲಭ. ಎಕ್ಸೆಲ್‌ನ ಟಿ.ಟೆಸ್ಟ್ ಸೂತ್ರದಲ್ಲಿ ಕೊನೆಯ ಅಂಕಿ 1 ಇದ್ದರೆ ಜೋಡಿ ಪರೀಕ್ಷೆ. 2 ಮತ್ತು 3 ಜೋಡಿಯಲ್ಲದವು. ಬೇರೆ ಸಾಫ್ಟ್‌ವೇರ್‌ಗಳಲ್ಲಿ ‘ಪೇರ್ಡ್’ ಅಥವಾ ‘ರಿಲೇಟೆಡ್’ ಎಂಬ ಆಯ್ಕೆ ಇರುತ್ತದೆ.

ಜೋಡಿ ಪರೀಕ್ಷೆಯನ್ನೇ ಹಾಕಿದ್ದರೂ ಫಲಿತಾಂಶ ಜೋಡಿಯಲ್ಲದ್ದಕ್ಕಿಂತ ಕಳಪೆಯಾಗಿ ಬಂದರೆ, ಸಾಲುಗಳು ಅದಲುಬದಲಾಗಿರಬಹುದು. ‘ಮುಂಚೆ’ ಮತ್ತು ‘ನಂತರ’ ಕಾಲಂಗಳ ನಡುವಿನ ಸಹಸಂಬಂಧವನ್ನು (ಒಂದು ಏರಿದಂತೆ ಇನ್ನೊಂದೂ ಏರುತ್ತದೆಯೇ ಎಂಬುದರ ಅಳತೆ, -1ರಿಂದ 1ರವರೆಗೆ) ಲೆಕ್ಕ ಹಾಕಿ. ಮೇಲಿನ ನಿದ್ರೆಯ ಪಟ್ಟಿಯಲ್ಲಿ ಅದು ಸುಮಾರು 0.8. ನಿಮ್ಮಲ್ಲಿ ಅದು ಸೊನ್ನೆಯ ಸಮೀಪ ಅಥವಾ ಋಣಾತ್ಮಕವಾಗಿದ್ದರೆ ಅನುಮಾನ ಪಡಲೇಬೇಕು. ಒಂದು ಹಾಳೆಯನ್ನು ಹೆಸರಿನ ಕ್ರಮದಲ್ಲಿಯೂ ಇನ್ನೊಂದನ್ನು ಭೇಟಿಯ ದಿನಾಂಕದ ಕ್ರಮದಲ್ಲಿಯೂ ವಿಂಗಡಿಸಿ ಪಕ್ಕಪಕ್ಕ ಅಂಟಿಸಿದರೆ ಹೀಗಾಗುತ್ತದೆ. ಒಬ್ಬರ ಮೊದಲ ಅಳತೆಗೆ ಇನ್ನೊಬ್ಬರ ಎರಡನೇ ಅಳತೆ ಗಂಟು ಬೀಳುತ್ತದೆ, ಸಾಫ್ಟ್‌ವೇರ್ ಚಕಾರ ಎತ್ತುವುದಿಲ್ಲ. ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಬಳಸುವ ಆರ್ ಭಾಷೆಯ 4.4.0 ಆವೃತ್ತಿಯಿಂದ ಟಿ-ಪರೀಕ್ಷೆಯ ಸೂತ್ರ ರೂಪದಲ್ಲಿ ಜೋಡಿ ಎಂಬ ಆಯ್ಕೆ ಕೊಟ್ಟರೆ ದೋಷ ಸಂದೇಶ ಬರುತ್ತದೆ. ಹಳೆಯ ಕೋಡ್ ಏಕೆ ಓಡುತ್ತಿಲ್ಲ ಎಂದು ಬೈದುಕೊಳ್ಳುವ ಮುನ್ನ ಯೋಚಿಸಿ: ಆ ರೂಪದಲ್ಲಿ ಯಾರಿಗೆ ಯಾರು ಜೋಡಿ ಎಂಬುದು ಸಾಲುಗಳ ಕ್ರಮವನ್ನೇ ನೆಚ್ಚಿಕೊಂಡಿತ್ತು. ಗುರುತಿನ ಸಂಖ್ಯೆಯ ಆಧಾರದಲ್ಲಿ ಎರಡೂ ಹಾಳೆಗಳನ್ನು ಸೇರಿಸಿ, ಆಮೇಲೆ ಪರೀಕ್ಷೆ ಮಾಡಿ.

ಲಕ್ಷಣ: ಪಿ-ಮೌಲ್ಯ ನಂಬಲಾಗದಷ್ಟು ಚಿಕ್ಕದಾಗಿದೆ

ಮೇಲಿನ ದೋಷಕ್ಕೆ ಇದು ತದ್ವಿರುದ್ಧ, ಹೆಚ್ಚು ಅಪಾಯಕಾರಿ ಕೂಡ. ಏಕೆಂದರೆ ಫಲಿತಾಂಶ ಚೆನ್ನಾಗಿ ಬಂದಾಗ ಯಾರೂ ತಪಾಸಣೆಗೆ ಕೂರುವುದಿಲ್ಲ. ಆರು ಇಲಿಗಳು, ಮೂರಕ್ಕೆ ಔಷಧಿ, ಮೂರಕ್ಕೆ ಇಲ್ಲ. ಪ್ರತಿ ಇಲಿಯಿಂದ ಇಪ್ಪತ್ತು ಜೀವಕೋಶಗಳನ್ನು ಅಳೆದು 120 ಸಾಲುಗಳನ್ನು ಟಿ-ಪರೀಕ್ಷೆಗೆ ಕೊಟ್ಟರೆ ಪಿ-ಮೌಲ್ಯದಲ್ಲಿ ದಶಮಾಂಶ ಬಿಂದುವಿನ ಪಕ್ಕ ಸೊನ್ನೆಗಳ ಸಾಲೇ ನಿಲ್ಲಬಹುದು. ಔಷಧಿ ಕೊಟ್ಟದ್ದು ಇಲಿಗೇ ಹೊರತು ಜೀವಕೋಶಕ್ಕಲ್ಲ. ಇಲ್ಲಿ ಇರುವುದು ಆರು ಸ್ವತಂತ್ರ ಘಟಕಗಳು.

ಮತ್ತೆ ಡಿಗ್ರೀಸ್ ಆಫ್ ಫ್ರೀಡಂ ನೋಡಿ. 118 ಎಂದಿದ್ದರೆ ತಪ್ಪು ಎದ್ದು ಕಾಣುತ್ತಿದೆ. ಎಷ್ಟು ಮೋಸವಾಗಿದೆ ಎಂದು ಅಂದಾಜಿಸಲು ಒಂದು ಸೂತ್ರವಿದೆ: ಪ್ರತಿ ಘಟಕದಲ್ಲಿನ ಅಳತೆಗಳ ಸಂಖ್ಯೆಯಿಂದ ಒಂದು ಕಳೆದು, ಅದನ್ನು ಒಂದೇ ಘಟಕದೊಳಗಿನ ಅಳತೆಗಳ ನಡುವಿನ ಸಹಸಂಬಂಧದಿಂದ ಗುಣಿಸಿ, ಒಂದು ಕೂಡಿಸಿ. ಸಹಸಂಬಂಧ 0.5 ಆಗಿದ್ದರೆ 19 ಗುಣಿಸು 0.5, ಕೂಡಿಸು 1, ಅಂದರೆ 10.5. ನಿಮ್ಮ 120 ಅಳತೆಗಳ ನಿಜವಾದ ತೂಕ 120 ಭಾಗಿಸು 10.5, ಸುಮಾರು 11 ಮಾತ್ರ.

ಅತಿ ಸರಳ ಪರಿಹಾರ, ಪ್ರತಿ ಇಲಿಗೆ ಒಂದು ಸರಾಸರಿ ತೆಗೆದು ಆರು ಸಂಖ್ಯೆಗಳ ಮೇಲೆ ಪರೀಕ್ಷೆ ನಡೆಸುವುದು. ಎಲ್ಲ ಇಲಿಗಳಿಂದಲೂ ಹೆಚ್ಚುಕಡಿಮೆ ಒಂದೇ ಸಂಖ್ಯೆಯ ಜೀವಕೋಶಗಳಿದ್ದರೆ ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನನ್ನ ಮಟ್ಟಿಗೆ, ಓದುಗರಿಗೆ ಅರ್ಥವಾಗದ ಮಾಡೆಲ್‌ಗಿಂತ ಇದೇ ಮೇಲು. ಸಂಖ್ಯೆಗಳು ಬಹಳ ಏರುಪೇರಾಗಿದ್ದರೆ ಮಿಕ್ಸ್ಡ್ ಮಾಡೆಲ್ (ಯಾವ ಅಳತೆ ಯಾರದು ಎಂಬುದನ್ನೂ ಲೆಕ್ಕದೊಳಗೆ ಸೇರಿಸುವ ವಿಧಾನ) ಬೇಕು. ಆದರೆ ಮೂರು ಇಲಿಗಳ ಗುಂಪನ್ನು ಹದಿನೈದರ ಗುಂಪಾಗಿ ಮಾಡುವ ಶಕ್ತಿ ಯಾವ ಮಾಡೆಲ್‌ಗೂ ಇಲ್ಲ.

ಲಕ್ಷಣ: ನಾರ್ಮಾಲಿಟಿ ಪರೀಕ್ಷೆ ಫೇಲ್ ಆಗಿದೆ

ಅಂಕಿಗಳು ಗಂಟೆಯಾಕಾರದಲ್ಲಿ ಹರಡಿವೆಯೇ ಎಂದು ನೋಡುವ ಪರೀಕ್ಷೆ ಇದು. ಮೊದಲು ಕೇಳಿಕೊಳ್ಳಬೇಕಾದದ್ದು: ಯಾವ ಅಂಕಿಗಳ ಮೇಲೆ ಅದನ್ನು ನಡೆಸಿದಿರಿ? ‘ಮುಂಚೆ’ ಕಾಲಂ ಮೇಲೆ ಒಮ್ಮೆ, ‘ನಂತರ’ ಕಾಲಂ ಮೇಲೆ ಒಮ್ಮೆ ನಡೆಸಿದ್ದರೆ ಎರಡನ್ನೂ ಬದಿಗಿಡಿ. ಜೋಡಿ ಟಿ-ಪರೀಕ್ಷೆಗೆ ಸಂಬಂಧಿಸಿದ್ದು ವ್ಯತ್ಯಾಸಗಳ ಹಂಚಿಕೆ ಮಾತ್ರ. ಎರಡೂ ಕಾಲಂಗಳು ಒಂದೇ ಕಡೆಗೆ ವಾಲಿದ್ದು, ವ್ಯತ್ಯಾಸಗಳು ಮಾತ್ರ ಚೆನ್ನಾಗಿ ಸಮತೂಗುವುದು ಅಪರೂಪವೇನಲ್ಲ.

ವ್ಯತ್ಯಾಸಗಳಲ್ಲೇ ಒಂದು ಸಂಖ್ಯೆ ಗುಂಪಿನಿಂದ ದೂರ ನಿಂತಿದ್ದರೆ? ಮತ್ತೆ ನಿದ್ರೆಯ ಪಟ್ಟಿಗೇ ಬನ್ನಿ. ಹತ್ತು ವ್ಯತ್ಯಾಸಗಳು ಹೀಗಿವೆ: 1.2, 2.4, 1.3, 1.3, 0, 1.0, 1.8, 0.8, 4.6, 1.4. ಒಂಬತ್ತನೆಯವರ 4.6 ಉಳಿದವುಗಳ ಜೊತೆ ಸೇರುವುದಿಲ್ಲ. ಶಾಪಿರೋ–ವಿಲ್ಕ್ ಎಂಬ ನಾರ್ಮಾಲಿಟಿ ಪರೀಕ್ಷೆ ಇದನ್ನು ಕಂಡು ತಕರಾರು ಎತ್ತುತ್ತದೆ. ಆ ಒಬ್ಬರನ್ನು ಬಿಟ್ಟು ಲೆಕ್ಕ ಹಾಕಿದರೆ ಸರಾಸರಿ ವ್ಯತ್ಯಾಸ 1.58ರಿಂದ 1.24ಕ್ಕೆ ಇಳಿಯುತ್ತದೆ, ಟಿ ಮಾತ್ರ 4.06ರಿಂದ 5.66ಕ್ಕೆ ಏರುತ್ತದೆ! ಔಷಧಿಯ ಪರವಾಗಿ ಜೋರಾಗಿ ಕೂಗುತ್ತಿದ್ದ ರೋಗಿಯೇ ಸಾಕ್ಷ್ಯವನ್ನು ದುರ್ಬಲಗೊಳಿಸುತ್ತಿದ್ದರು, ಏಕೆಂದರೆ ಆ ಒಂದು ಅಂಕಿ ಸರಾಸರಿಯನ್ನು ಎತ್ತಿದ್ದಕ್ಕಿಂತ ಹೆಚ್ಚಾಗಿ ಚೆದುರುವಿಕೆಯನ್ನು ಹಿಗ್ಗಿಸಿತ್ತು. ಹೊರಗೆ ನಿಂತ ಅಂಕಿ ಫಲಿತಾಂಶವನ್ನು ಯಾವ ಕಡೆಗೆ ಎಳೆಯುತ್ತದೆ ಎಂಬುದನ್ನು ಊಹಿಸಿ ಹೇಳಲಾಗದು. ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಹಾಕಿ, ಎರಡನ್ನೂ ವರದಿ ಮಾಡಿ. ಎಚ್ಚರಿಕೆ: ದಾಖಲೆಯ ದೋಷ ಎಂದು ಖಚಿತವಾಗದೆ ಯಾರನ್ನೂ ಅಳಿಸಬೇಡಿ.

ಟಿ-ಪರೀಕ್ಷೆಯ ಬದಲು ವ್ಯತ್ಯಾಸಗಳಿಗೆ ಶ್ರೇಣಿ ಕೊಟ್ಟು ಲೆಕ್ಕ ಹಾಕುವ ವಿಲ್ಕಾಕ್ಸನ್ ಸೈನ್ಡ್ ರ‍್ಯಾಂಕ್ ಪರೀಕ್ಷೆಗೆ ಹೋಗಬಹುದು. ಫ್ರಾಂಕ್ ವಿಲ್ಕಾಕ್ಸನ್ 1945ರಲ್ಲಿ ಮುಂದಿಟ್ಟ ವಿಧಾನ ಇದು. ಅದಕ್ಕೂ ಷರತ್ತುಗಳಿವೆ. ವ್ಯತ್ಯಾಸಗಳು ನಡುಮೌಲ್ಯದ ಎರಡೂ ಬದಿಗೆ ಹೆಚ್ಚುಕಡಿಮೆ ಸಮವಾಗಿ ಹರಡಿರಬೇಕು. ಸೊನ್ನೆ ವ್ಯತ್ಯಾಸ ಇರುವವರನ್ನು ಮೂಲ ವಿಧಾನ ಲೆಕ್ಕದಿಂದ ಕೈಬಿಡುತ್ತದೆ. ನಿದ್ರೆಯ ಪಟ್ಟಿಯಲ್ಲಿ ಐದನೆಯವರು ಹೊರಬಿದ್ದು ಒಂಬತ್ತು ಜನ ಉಳಿಯುತ್ತಾರೆ. “ಸೊನ್ನೆಗಳಿರುವುದರಿಂದ ನಿಖರ ಪಿ-ಮೌಲ್ಯ ಸಾಧ್ಯವಿಲ್ಲ” ಎಂಬರ್ಥದ ಎಚ್ಚರಿಕೆ ಬಂದರೆ ಗಾಬರಿಯಾಗಬೇಡಿ, ಅಂದಾಜು ಸೂತ್ರ ಬಳಸಿದ್ದೇನೆ ಎಂದು ಸಾಫ್ಟ್‌ವೇರ್ ತಿಳಿಸುತ್ತಿದೆ.

ನಿಜವಾಗಿ ಗಾಬರಿಯಾಗಬೇಕಾದದ್ದು ಜನ ತೀರ ಕಡಿಮೆ ಇದ್ದಾಗ. ಐದೇ ಜನರಿದ್ದು ಐವರೂ ಸುಧಾರಿಸಿದ್ದರೂ ಎರಡು ಬದಿಯ ನಿಖರ ವಿಲ್ಕಾಕ್ಸನ್ ಪಿ-ಮೌಲ್ಯ 0.0625ಕ್ಕಿಂತ ಕೆಳಗೆ ಇಳಿಯಲಾರದು. 32 ಸಾಧ್ಯತೆಗಳಲ್ಲಿ ಎರಡು, ಅಷ್ಟೇ ಅದರ ಲೆಕ್ಕ. ಐದು ಜನರ ಅಧ್ಯಯನಕ್ಕೆ 0.05ರ ಮಿತಿ ಇಟ್ಟು ಈ ಪರೀಕ್ಷೆ ಆರಿಸಿದವರು ಗೆಲ್ಲಲಾಗದ ಪಂದ್ಯಕ್ಕೆ ಇಳಿದಿದ್ದಾರೆ. ಆರು ಜನರಾದರೆ ಕನಿಷ್ಠ ಮೌಲ್ಯ 0.031.

ಲಕ್ಷಣ: ಉತ್ತರ ಹೌದು–ಇಲ್ಲ ರೂಪದಲ್ಲಿದೆ, ಕೈ–ಸ್ಕ್ವೇರ್ ಫಲಿತಾಂಶ ವಿಚಿತ್ರವಾಗಿದೆ

ನೂರು ಜನರಲ್ಲಿ ಚಿಕಿತ್ಸೆಗೆ ಮುಂಚೆ 40 ಮಂದಿಗೆ ತಲೆನೋವು, ನಂತರ 25 ಮಂದಿಗೆ. ಒಳಗೆ ಇಣುಕಿದರೆ: 20 ಮಂದಿಗೆ ಎರಡೂ ಬಾರಿ ಇತ್ತು, 20 ಮಂದಿಗೆ ಇದ್ದದ್ದು ಹೋಯಿತು, 5 ಮಂದಿಗೆ ಹೊಸದಾಗಿ ಬಂತು, 55 ಮಂದಿಗೆ ಎಂದೂ ಇರಲಿಲ್ಲ.

ಇದನ್ನು ಕೆಡಿಸಲು ಎರಡು ದಾರಿಗಳಿವೆ. ನೂರರಲ್ಲಿ 40, ನೂರರಲ್ಲಿ 25 ಎಂದು ಎರಡು ಗುಂಪಿನಂತೆ ಹೋಲಿಸಿದರೆ, ಎಣಿಕೆಗಳನ್ನು ಹೋಲಿಸುವ ಕೈ–ಸ್ಕ್ವೇರ್ ಪರೀಕ್ಷೆಯಲ್ಲಿ 5.13 ಬರುತ್ತದೆ. ಕೋಷ್ಟಕದ ಒಟ್ಟು ಮೊತ್ತ 200 ಎಂದು ಕಾಣುತ್ತದೆ. ಇರುವ ಜನ ನೂರೇ. ಇನ್ನೊಂದು ದಾರಿ ಹೆಚ್ಚು ಮೋಸದ್ದು: ಮುಂಚೆ–ನಂತರ ಕೋಷ್ಟಕವನ್ನು ಸರಿಯಾಗಿಯೇ ಮಾಡಿ, ಒಟ್ಟು ನೂರು ಬಂದ ಮೇಲೆ, ಅದರ ಮೇಲೆ ಸಾಮಾನ್ಯ ಕೈ–ಸ್ಕ್ವೇರ್ ಓಡಿಸುವುದು. 22.2 ಎಂಬ ಭಾರಿ ಸಂಖ್ಯೆ ಬಂದು ಎಲ್ಲರೂ ಸಂಭ್ರಮಿಸುತ್ತಾರೆ. ಆದರೆ ಅದು ಉತ್ತರಿಸಿದ ಪ್ರಶ್ನೆಯೇ ಬೇರೆ: ಮುಂಚೆ ತಲೆನೋವಿದ್ದವರಿಗೇ ನಂತರವೂ ಇರುವ ಸಂಭವ ಹೆಚ್ಚೇ? ಹೌದು, ಹೆಚ್ಚು. ಅದು ಯಾರಿಗೆ ಗೊತ್ತಿರಲಿಲ್ಲ?

ಕ್ವಿನ್ ಮೆಕ್ನೆಮರ್ 1947ರಲ್ಲಿ ಕೊಟ್ಟ ಪರೀಕ್ಷೆ ಬದಲಾದವರನ್ನು ಮಾತ್ರ ನೋಡುತ್ತದೆ: 20 ಮತ್ತು 5. ವ್ಯತ್ಯಾಸದ ವರ್ಗ 225, ಅದನ್ನು ಮೊತ್ತ 25ರಿಂದ ಭಾಗಿಸಿದರೆ 9, ಪಿ-ಮೌಲ್ಯ 0.003. ಬದಲಾದವರ ಸಂಖ್ಯೆ 25ಕ್ಕಿಂತ ಕಡಿಮೆ ಇದ್ದರೆ ನಿಖರ ಬೈನಾಮಿಯಲ್ ರೂಪವನ್ನು ಬಳಸುವುದು ರೂಢಿ. ಮೂರು ಅಥವಾ ಹೆಚ್ಚು ಬಾರಿ ಹೌದು–ಇಲ್ಲ ಕೇಳಿದ್ದರೆ ಕೋಕ್ರನ್ ಕ್ಯೂ ಪರೀಕ್ಷೆ ಇದೆ.

ಲಕ್ಷಣ: ಮೂರು–ನಾಲ್ಕು ಬಾರಿ ಅಳೆದಿದ್ದೇವೆ, ಒಂದೊಂದು ಪರೀಕ್ಷೆ ಒಂದೊಂದು ಹೇಳುತ್ತಿದೆ

ನಾಲ್ಕು ಭೇಟಿಗಳಿದ್ದರೆ ಆರು ಜೋಡಿಗಳು. ಆರಕ್ಕೂ ಪ್ರತ್ಯೇಕ ಟಿ-ಪರೀಕ್ಷೆ ನಡೆಸಿದರೆ, ಅವು ಒಂದಕ್ಕೊಂದು ಸಂಬಂಧವಿಲ್ಲದವು ಎಂದುಕೊಂಡರೂ, ಏನೂ ಇಲ್ಲದಿದ್ದಾಗ ಒಂದಾದರೂ ಸುಳ್ಳು ಗಂಟೆ ಬಾರಿಸುವ ಸಂಭವ ಸುಮಾರು 26 ಪ್ರತಿಶತ. ಹೋಲಿಕೆ ಮಾಡಲೇಬೇಕಾದರೆ ಇಂತಹ ಸುಳ್ಳು ಗಂಟೆಗಳನ್ನು ತಡೆಯುವ ಹೋಲ್ಮ್ ತಿದ್ದುಪಡಿ ಬಳಸಿ. ಇದೇ ಕೆಲಸ ಮಾಡುವ ಬಾನ್ಫೆರೋನಿ ತಿದ್ದುಪಡಿಯಷ್ಟೇ ಸುರಕ್ಷಿತ, ಅದಕ್ಕಿಂತ ಕಡಿಮೆ ಜಿಪುಣ.

ಒಂದೇ ಪರೀಕ್ಷೆಯಲ್ಲಿ ನೋಡಬೇಕೆಂದರೆ ರಿಪೀಟೆಡ್ ಮೆಷರ್ಸ್ ಅನೋವಾ (ಒಬ್ಬರನ್ನೇ ಹಲವು ಬಾರಿ ಅಳೆದಾಗಿನ ಸರಾಸರಿಗಳನ್ನು ಒಟ್ಟಿಗೆ ಹೋಲಿಸುವ ಪರೀಕ್ಷೆ). ಇಲ್ಲಿಯೂ ಮೊದಲು ಆ ಹಳೆಯ ತಪಾಸಣೆ. ಇಪ್ಪತ್ತು ಜನ, ನಾಲ್ಕು ಭೇಟಿ: ಡಿಗ್ರೀಸ್ ಆಫ್ ಫ್ರೀಡಂ 3 ಮತ್ತು 57 ಎಂದು ಬರಬೇಕು. 3 ಮತ್ತು 76 ಎಂದಿದ್ದರೆ ವ್ಯಕ್ತಿಯ ಗುರುತು ಮಾಡೆಲ್‌ನೊಳಗೆ ಹೋಗಿಯೇ ಇಲ್ಲ. ಗುರುತಿನ ಸಂಖ್ಯೆಯ ಸಾಲಿಗೆ 19ರ ಬದಲು 1 ಎಂದು ತೋರಿಸುತ್ತಿದ್ದರೆ, ಸಾಫ್ಟ್‌ವೇರ್ ಗುರುತನ್ನು ಒಂದು ಅಳತೆ ಎಂದು ತಿಳಿದು 17ನೇ ವ್ಯಕ್ತಿ 16ನೆಯವರಿಗಿಂತ ಒಂದು ಹೆಚ್ಚು ಎಂಬಂತೆ ಲೆಕ್ಕ ಮಾಡಿದೆ. ಆ ಕಾಲಂ ಅನ್ನು ವರ್ಗ ಎಂದು ಘೋಷಿಸಿದರೆ ಸರಿಹೋಗುತ್ತದೆ.

ಆಮೇಲೆ ಸ್ಫೆರಿಸಿಟಿಯ ತಕರಾರು. ಯಾವ ಎರಡು ಭೇಟಿಗಳ ವ್ಯತ್ಯಾಸ ತೆಗೆದರೂ ಅದರ ಚೆದುರುವಿಕೆ ಒಂದೇ ಆಗಿರಬೇಕು ಎಂಬುದು ಈ ಅನೋವಾದ ಬೇಡಿಕೆ. ಸಮಯದ ಮೇಲೆ ನಿಂತ ದತ್ತಾಂಶದಲ್ಲಿ ಇದು ಈಡೇರುವುದು ಕಷ್ಟ: ಮೊದಲ ಮತ್ತು ಎರಡನೇ ವಾರದ ಅಳತೆಗಳು ಹತ್ತಿರ ಹತ್ತಿರ, ಮೊದಲ ಮತ್ತು ಹನ್ನೆರಡನೇ ವಾರದವು ದೂರ ದೂರ. ಎರಡೇ ಬಾರಿ ಅಳೆದಿದ್ದರೆ ಇರುವುದು ಒಂದೇ ವ್ಯತ್ಯಾಸ, ಹಾಗಾಗಿ ಈ ಚಿಂತೆ ಇಲ್ಲ. ಆಗ ಸ್ಫೆರಿಸಿಟಿಯನ್ನು ತಪಾಸಣೆ ಮಾಡುವ ಮೌಚ್ಲಿ ಪರೀಕ್ಷೆಯ ಜಾಗ ಖಾಲಿ ಬಂದರೆ ಅದು ದೋಷವಲ್ಲ. ಮೌಚ್ಲಿ ಪರೀಕ್ಷೆಯನ್ನು ನಾನು ಅಷ್ಟಾಗಿ ನೆಚ್ಚಿಕೊಳ್ಳುವುದಿಲ್ಲ. ಜನ ಕಡಿಮೆ ಇದ್ದಾಗ ನಿಜವಾದ ದೋಷವನ್ನು ಬಿಟ್ಟುಬಿಡುತ್ತದೆ, ಜನ ಹೆಚ್ಚಿದ್ದಾಗ ಚಿಲ್ಲರೆ ದೋಷಕ್ಕೂ ಕೂಗುತ್ತದೆ. ನೇರವಾಗಿ ಗ್ರೀನ್‌ಹೌಸ್–ಗೈಸರ್ ತಿದ್ದುಪಡಿಯ ಸಾಲನ್ನೇ ಓದಿ, ಅದು ಸ್ಫೆರಿಸಿಟಿಯ ಕೊರತೆಯನ್ನು ಸರಿದೂಗಿಸುತ್ತದೆ. ಅದು ಕೊಡುವ ಎಪ್ಸಿಲಾನ್ ಎಂಬ ಗುಣಕ 1 ಇದ್ದರೆ ಎಲ್ಲ ಸರಿ. ನಾಲ್ಕು ಭೇಟಿಗಳಿಗೆ ಅದು ಇಳಿಯಬಹುದಾದ ಕನಿಷ್ಠ ಮಟ್ಟ ಮೂರನೇ ಒಂದು. 0.6 ಬಂದರೆ 3 ಮತ್ತು 57 ಎಂಬುದು 1.8 ಮತ್ತು 34.2 ಆಗುತ್ತದೆ. ಎಪ್ಸಿಲಾನ್ 0.75ಕ್ಕಿಂತ ಮೇಲಿದ್ದರೆ ಹ್ಯೂನ್–ಫೆಲ್ಟ್ ತಿದ್ದುಪಡಿ ಬಳಸುವುದು ವಾಡಿಕೆ.

ಅಂಕಿಗಳು ದರ್ಜೆಗಳಾಗಿದ್ದರೆ, ಉದಾಹರಣೆಗೆ ನೋವಿಗೆ ಒಂದರಿಂದ ಐದರವರೆಗಿನ ಅಂಕ, ಫ್ರೀಡ್‌ಮನ್ ಪರೀಕ್ಷೆಗೆ ಹೋಗಬಹುದು. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1937ರಲ್ಲಿ ರೂಪಿಸಿದ್ದು. ಪ್ರತಿ ವ್ಯಕ್ತಿಯೊಳಗೆ ಮಾತ್ರ ಶ್ರೇಣಿ ಕೊಡುವುದರಿಂದ ಅದಕ್ಕೆ ಬಲ ಸ್ವಲ್ಪ ಕಡಿಮೆ. ಎರಡೇ ಭೇಟಿಗಳಿಗೆ ಅದನ್ನು ಬಳಸಿದರೆ ಅದು ವಿಲ್ಕಾಕ್ಸನ್ ಆಗುವುದಿಲ್ಲ, ಏರಿದವರೆಷ್ಟು ಇಳಿದವರೆಷ್ಟು ಎಂದು ಎಣಿಸುವ ಚಿಹ್ನೆ ಪರೀಕ್ಷೆಯ ಮಟ್ಟಕ್ಕೆ ಇಳಿಯುತ್ತದೆ.

ಲಕ್ಷಣ: ಒಂದು ಗುಂಪಿನಲ್ಲಿ ಸುಧಾರಣೆ ಗಣನೀಯ, ಇನ್ನೊಂದರಲ್ಲಿ ಅಲ್ಲ, ಹಾಗಾದರೆ ಚಿಕಿತ್ಸೆ ಗೆದ್ದಿತೇ?

ಗೆದ್ದಿಲ್ಲ, ಅಥವಾ ಇನ್ನೂ ಗೊತ್ತಿಲ್ಲ. ಚಿಕಿತ್ಸೆಯ ಗುಂಪಿನಲ್ಲಿ ರಕ್ತದೊತ್ತಡ ಸರಾಸರಿ 6 ಅಂಕ ಇಳಿದಿದೆ, ಮಾನಕ ದೋಷ (ಸರಾಸರಿಯ ಅನಿಶ್ಚಿತತೆ) 2.5, ಟಿ 2.4, ಗಣನೀಯ (ಪಿ-ಮೌಲ್ಯ 0.05ಕ್ಕಿಂತ ಕಡಿಮೆ). ಹೋಲಿಕೆ ಗುಂಪಿನಲ್ಲಿ 4 ಇಳಿದಿದೆ, ಮಾನಕ ದೋಷ ಅಷ್ಟೇ; ಟಿ 1.6, ಗಣನೀಯವಲ್ಲ. ಈಗ ನಿಜವಾದ ಪ್ರಶ್ನೆ ಕೇಳಿ: ಎರಡೂ ಇಳಿಕೆಗಳ ನಡುವಿನ ವ್ಯತ್ಯಾಸ ಎಷ್ಟು? 2 ಅಂಕ, ಮಾನಕ ದೋಷ 3.5. ಟಿ 0.57. ಏನೂ ಇಲ್ಲ.

ಪಳಗಿದ ಸಂಶೋಧಕರೂ ಈ ಹಳ್ಳಕ್ಕೆ ಬೀಳುತ್ತಾರೆ. ನರವಿಜ್ಞಾನದ ಪ್ರಮುಖ ಪತ್ರಿಕೆಗಳ ಪ್ರಬಂಧಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟವಾದ ಒಂದು ಲೇಖನದ ಪ್ರಕಾರ, ಈ ತಪ್ಪಿಗೆ ಅವಕಾಶವಿದ್ದ 157 ಪ್ರಬಂಧಗಳಲ್ಲಿ ಸುಮಾರು ಅರ್ಧದಷ್ಟು ಅದನ್ನೇ ಮಾಡಿದ್ದವು.

ನೋಡಬೇಕಾದದ್ದು ಗುಂಪು ಮತ್ತು ಸಮಯದ ಪರಸ್ಪರ ಪರಿಣಾಮದ ಸಾಲನ್ನು. ಎರಡೇ ಭೇಟಿಗಳಿದ್ದರೆ, ಪ್ರತಿಯೊಬ್ಬರ ವ್ಯತ್ಯಾಸ ತೆಗೆದು ಗುಂಪುಗಳ ನಡುವೆ ಜೋಡಿಯಲ್ಲದ ಟಿ-ಪರೀಕ್ಷೆ ಮಾಡಿದರೂ ಅದೇ ಉತ್ತರ. ಜನರನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಗುಂಪುಗಳಿಗೆ ಹಂಚಿದ್ದರೆ, ಅಂತಿಮ ಅಳತೆಯನ್ನು ಉತ್ತರವಾಗಿಯೂ ಆರಂಭಿಕ ಅಳತೆಯನ್ನು ಹೊಂದಾಣಿಕೆಗಾಗಿಯೂ ಇಟ್ಟ ಆನ್ಕೋವಾ ಸಾಮಾನ್ಯವಾಗಿ ಇನ್ನೂ ನಿಖರ. ಗುಂಪುಗಳು ತಾವಾಗಿಯೇ ಆದವುಗಳಾಗಿದ್ದರೆ, ಉದಾಹರಣೆಗೆ ಗಂಡಸರು–ಹೆಂಗಸರು, ವ್ಯತ್ಯಾಸದ ಲೆಕ್ಕ ಮತ್ತು ಆನ್ಕೋವಾ ಒಂದಕ್ಕೊಂದು ವಿರುದ್ಧ ಉತ್ತರ ಕೊಡಬಹುದು. ಇದಕ್ಕೆ ಲಾರ್ಡ್ ವಿರೋಧಾಭಾಸ ಎಂದು ಹೆಸರು, 1967ರಿಂದಲೂ ಚರ್ಚೆಯಲ್ಲಿದೆ. ಅಲ್ಲಿಗೆ ತಲುಪಿದ್ದರೆ ಒಬ್ಬರೇ ಮುಂದುವರಿಯಬೇಡಿ, ಸಂಖ್ಯಾಶಾಸ್ತ್ರಜ್ಞರನ್ನು ಕಾಣಿರಿ.

ಲಕ್ಷಣ: ಫಲಿತಾಂಶದಲ್ಲಿ ಅರ್ಧ ಜನ ಮಾಯವಾಗಿದ್ದಾರೆ

ಸಾಂಪ್ರದಾಯಿಕ ರಿಪೀಟೆಡ್ ಮೆಷರ್ಸ್ ಅನೋವಾ ಒಂದು ಭೇಟಿ ತಪ್ಪಿದವರನ್ನೂ ಪೂರ್ತಿ ಕೈಬಿಡುತ್ತದೆ. ಪ್ರತಿ ಭೇಟಿಗೂ ಹತ್ತು ಪ್ರತಿಶತ ಗೈರುಹಾಜರಿ ಇದ್ದು, ಒಂದು ಭೇಟಿಯ ಗೈರುಹಾಜರಿಗೂ ಇನ್ನೊಂದರದಕ್ಕೂ ಸಂಬಂಧವಿಲ್ಲದಿದ್ದರೆ, ಐದು ಭೇಟಿಗಳಲ್ಲಿ ಎಲ್ಲಕ್ಕೂ ಬಂದವರು 59 ಪ್ರತಿಶತ ಮಾತ್ರ. ಖಾಲಿ ಜಾಗಕ್ಕೆ ಸರಾಸರಿ ತುಂಬುವುದು, ಹಿಂದಿನ ಭೇಟಿಯ ಅಂಕಿಯನ್ನೇ ಮುಂದಕ್ಕೆ ಎಳೆಯುವುದು ಎರಡೂ ಸುಲಭ, ಎರಡೂ ದತ್ತಾಂಶವನ್ನು ಕೆಡಿಸುತ್ತವೆ.

ಮಿಕ್ಸ್ಡ್ ಮಾಡೆಲ್ ಇರುವ ಅಳತೆಗಳನ್ನೆಲ್ಲ ಬಳಸಿಕೊಳ್ಳುತ್ತದೆ. ಆದರೆ ಗೈರುಹಾಜರಿಯ ಕಾರಣ ನಿಮ್ಮ ಬಳಿ ಇರುವ ಅಂಕಿಗಳಿಂದ ವಿವರಿಸಲು ಸಾಧ್ಯವಿರಬೇಕು ಎಂಬುದು ಅದರ ಷರತ್ತು. ಕೊನೆಯ ಭೇಟಿಗೆ ಬಾರದವರು ಆ ಹೊತ್ತಿಗೆ ಕಾಯಿಲೆ ಉಲ್ಬಣಿಸಿದ್ದರಿಂದಲೇ ಬಾರದಿದ್ದರೆ ಯಾವ ಸಾಫ್ಟ್‌ವೇರೂ ಅದನ್ನು ಊಹಿಸಿ ಸರಿಪಡಿಸದು. ಬಂದವರ ಮತ್ತು ಬಾರದವರ ಆರಂಭಿಕ ಅಳತೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ದೊಡ್ಡ ಅಂತರ ಕಂಡರೆ, ಅಥವಾ ಬಿಟ್ಟುಹೋದ ಕಾರಣವೇ ಕಾಯಿಲೆ ಎಂದು ಗೊತ್ತಿದ್ದರೆ, ಅಲ್ಲಿಗೆ ನಿಲ್ಲಿಸಿ ಸಹಾಯ ಕೇಳಿ.

ಲಕ್ಷಣ: ಮಿಕ್ಸ್ಡ್ ಮಾಡೆಲ್ ಕೆಂಪು ಅಕ್ಷರದಲ್ಲಿ ಎಚ್ಚರಿಸುತ್ತಿದೆ

ಎಚ್ಚರಿಕೆಯನ್ನು ಓದುವ ಮೊದಲು ಫಲಿತಾಂಶದಲ್ಲಿ ಮುದ್ರಿತವಾಗುವ ವ್ಯಕ್ತಿಗಳ ಸಂಖ್ಯೆ ನೋಡಿ. ಎರಡು ಗುಂಪುಗಳಲ್ಲಿ ಹದಿನೈದು ಹದಿನೈದು ಜನರಿದ್ದು, ಎರಡಕ್ಕೂ 1ರಿಂದ 15ರವರೆಗೆ ಗುರುತು ಕೊಟ್ಟಿದ್ದರೆ, ಮಾಡೆಲ್ ಮೂವತ್ತರ ಬದಲು ಹದಿನೈದು ಜನರನ್ನು ಕಾಣುತ್ತದೆ. ಎಚ್ಚರಿಕೆಯೇ ಬಾರದೆ ನಡೆದುಹೋಗುವ ದೋಷ ಇದು. ಗುರುತುಗಳನ್ನು ಎ1, ಬಿ1 ಎಂದು ಬದಲಿಸಿ.

ವ್ಯಕ್ತಿಗಳ ಸಂಖ್ಯೆ ಅಳತೆಗಳ ಸಂಖ್ಯೆಗಿಂತ ಕಡಿಮೆ ಇರಬೇಕು ಎಂಬ ದೋಷ ಬಂದರೆ ಪ್ರತಿ ಸಾಲಿಗೂ ಹೊಸ ಗುರುತು ಬಿದ್ದಿದೆ. ಹಾಳೆಯನ್ನು ಅಗಲದಿಂದ ಉದ್ದಕ್ಕೆ (ಒಬ್ಬರಿಗೆ ಒಂದು ಸಾಲು ಇದ್ದದ್ದನ್ನು ಒಂದು ಅಳತೆಗೆ ಒಂದು ಸಾಲಾಗಿ) ತಿರುಗಿಸುವಾಗ ಹೀಗಾಗುವುದುಂಟು. ‘ಸಿಂಗ್ಯುಲರ್ ಫಿಟ್’ ಎಂದು ಬಂದರೆ ಯಾವುದೋ ಒಂದು ಚೆದುರುವಿಕೆ ಸೊನ್ನೆಗೆ ಇಳಿದಿದೆ, ಅಥವಾ ಒಂದು ಸಹಸಂಬಂಧ 1ಕ್ಕೋ -1ಕ್ಕೋ ಅಂಟಿಕೊಂಡಿದೆ. ಮೂರು ಭೇಟಿಗಳ ದತ್ತಾಂಶದಿಂದ ಪ್ರತಿಯೊಬ್ಬರಿಗೂ ಪ್ರತ್ಯೇಕ ಆರಂಭ, ಪ್ರತ್ಯೇಕ ಇಳಿಜಾರು, ಎರಡರ ಸಹಸಂಬಂಧ ಎಲ್ಲವನ್ನೂ ಕೇಳಿದರೆ ಹೀಗಾಗುತ್ತದೆ. ಮೊದಲು ಸಹಸಂಬಂಧವನ್ನು ಬಿಡಿ, ಆಮೇಲೆ ಬೇಕಾದರೆ ಇಳಿಜಾರನ್ನು ಬಿಡಿ. ವ್ಯಕ್ತಿಯ ಗುರುತನ್ನೇ ಬಿಟ್ಟು ಹಾಕಬೇಡಿ. ಎಚ್ಚರಿಕೆಯೇನೋ ಹೋಗುತ್ತದೆ, ಆದರೆ ಎರಡನೇ ಭಾಗದ ಇಲಿಗಳ ದೋಷ ಹಿಂದಿರುಗುತ್ತದೆ. ಪಿ-ಮೌಲ್ಯವೇ ಮುದ್ರಿತವಾಗದಿದ್ದರೆ ಅದು ದೋಷವಲ್ಲ: ಆರ್‌ನ ಎಲ್‌ಎಂಇ4 ಪ್ಯಾಕೇಜು ಬೇಕೆಂದೇ ಅದನ್ನು ಕೊಡುವುದಿಲ್ಲ, ಬೇಕಿದ್ದವರಿಗೆ ಬೇರೆ ಪ್ಯಾಕೇಜುಗಳಿವೆ.

ಲಕ್ಷಣ: ಎಲ್ಲ ಸರಿ ಇದೆ, ಆದರೂ ಸುಧಾರಣೆ ಅನುಮಾನ ಹುಟ್ಟಿಸುತ್ತದೆ

ಅತಿ ಹೆಚ್ಚು ರಕ್ತದೊತ್ತಡ ಇದ್ದವರನ್ನೇ ಆರಿಸಿ, ತಿಂಗಳ ನಂತರ ಮತ್ತೆ ಅಳೆದರೆ ಚಿಕಿತ್ಸೆ ಇಲ್ಲದೆಯೂ ಸರಾಸರಿ ಇಳಿಯುವ ಸಂಭವವೇ ಹೆಚ್ಚು. ಆರಿಸಿದ ದಿನ ಆಕಸ್ಮಿಕವಾಗಿ ಏರಿದ್ದವರೂ ಆ ಗುಂಪಿನಲ್ಲಿ ಸೇರಿಕೊಂಡಿರುತ್ತಾರೆ. ಹೋಲಿಕೆಗೆ ಇನ್ನೊಂದು ಗುಂಪಿಲ್ಲದಿದ್ದರೆ ಈ ಇಳಿಕೆಯನ್ನೂ ಚಿಕಿತ್ಸೆಯ ಪರಿಣಾಮವನ್ನೂ ಬೇರ್ಪಡಿಸುವ ಪರೀಕ್ಷೆ ಇಲ್ಲ. ಅಭ್ಯಾಸದಿಂದ ಅಂಕ ಏರುವುದು, ಮೊದಲ ಔಷಧಿಯ ಪ್ರಭಾವ ಎರಡನೆಯದರ ಹೊತ್ತಿಗೂ ಉಳಿಯುವುದು ಕೂಡ ಇದೇ ಬಗೆಯವು. ಪರೀಕ್ಷೆ ಬದಲಿಸುವುದರಿಂದ ಪ್ರಯೋಜನವಿಲ್ಲ, ವಿನ್ಯಾಸವೇ ಬದಲಾಗಬೇಕು.

ಎಲ್ಲಿ ನಿಲ್ಲಬೇಕು, ಏನು ಕೊಂಡೊಯ್ಯಬೇಕು

ಫಲಿತಾಂಶದ ಮೇಲೆ ರೋಗಿಗಳ ಚಿಕಿತ್ಸೆಯ ನಿರ್ಧಾರ ನಿಂತಿದ್ದರೆ, ರೋಗಿ–ವಾರ್ಡು–ಆಸ್ಪತ್ರೆ ಎಂಬಂತೆ ಹಲವು ಪದರಗಳಿದ್ದರೆ, ಒಬ್ಬೊಬ್ಬರನ್ನು ಬೇರೆ ಬೇರೆ ದಿನಗಳಲ್ಲಿ ಅಳೆದಿದ್ದರೆ, ಅಥವಾ ಎರಡು ಸಮಂಜಸ ಪರೀಕ್ಷೆಗಳು ವಿರುದ್ಧ ಉತ್ತರ ಕೊಡುತ್ತಿದ್ದರೆ ಮನೆಮದ್ದು ಸಾಕು ಮಾಡಿ. ಮೂರನೇ ಪರೀಕ್ಷೆಯನ್ನು ಹುಡುಕುತ್ತಿದ್ದೀರಿ ಎಂಬುದೇ ನಿಲ್ಲಬೇಕಾದ ಸೂಚನೆ.

ಸಂಖ್ಯಾಶಾಸ್ತ್ರಜ್ಞರ ಬಳಿ ಹೋಗುವಾಗ ಪಿ-ಮೌಲ್ಯಗಳ ಪಟ್ಟಿಯನ್ನು ಒಯ್ಯುವ ಅಗತ್ಯವಿಲ್ಲ. ಯಾರನ್ನು, ಯಾವಾಗ, ಎಷ್ಟು ಬಾರಿ ಅಳೆದಿರಿ ಎಂಬ ಚಿತ್ರ, ಗುಂಪುಗಳಿಗೆ ಹೇಗೆ ಹಂಚಿದಿರಿ ಎಂಬ ಒಂದು ವಾಕ್ಯ, ಗೆರೆಗಳ ನಕ್ಷೆ, ಬಿಟ್ಟುಹೋದವರ ಕಾರಣಗಳು, ಒಂದು ಸಾಲಿಗೆ ಒಂದು ಅಳತೆ ಇರುವ ಉದ್ದನೆಯ ಕಡತ ಇಷ್ಟಿದ್ದರೆ ಸಾಕು. ಕಡತ ಕಳುಹಿಸುವ ಮುಂಚೆ ಹೆಸರು, ಫೋನ್ ಸಂಖ್ಯೆ, ಜನ್ಮದಿನಾಂಕಗಳನ್ನು ತೆಗೆದು ಗುರುತಿನ ಸಂಖ್ಯೆ ಮಾತ್ರ ಉಳಿಸಿ. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ನಿಮ್ಮ ಬಳಿಯೇ ಪ್ರತ್ಯೇಕವಾಗಿ ಇರಲಿ.